ಪತ್ತನಾಜೆಯೊಳಗೆ ಗೊಬ್ಬರದ ಗುಂಡಿಗೊಂದು ಮಾಡು

ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಗ್ರಾಮ ಪಂಚಾಯತ್ ಅಧ್ಯಕ್ಷರಿಗೆ, ವಾರ್ಡ್ ಸದಸ್ಯರಿಗೆ, ಕೃಷಿ ಭವನ ಮತ್ತು ಆರೋಗ್ಯ ಕೇಂದ್ರಗಳ ಅಧಿಕಾರಿಗಳಿಗೆ, ಹಾಗೆಯೇ ತೋಟ ಇರುವ ಎಲ್ಲರಿಗೂ ಬಹಿರಂಗ ಪತ್ರ

ಮಾನ್ಯರೇ,

ಆಟಿ ತಿಂಗಳು (ಜುಲೈ-ಆಗಸ್ಟ್) ಬಂದಾಗ ನಮ್ಮ ಊರುಗಳಲ್ಲಿ ಬ್ಲೀಚಿಂಗ್ ಪುಡಿ ಹಂಚುವುದು ವಾಡಿಕೆ. ಕಾಮಾಲೆಯೋ ಭೇದಿಯೋ ಒಂದೆರಡು ಮನೆಯಲ್ಲಿ ಕಾಣಿಸಿಕೊಂಡ ಮೇಲೆ ಆರೋಗ್ಯ ಕಾರ್ಯಕರ್ತರು ಪೊಟ್ಟಣ ಹಿಡಿದು ಬರುತ್ತಾರೆ. ಅವರ ಶ್ರಮದ ಬಗ್ಗೆ ನಮಗೆ ದೂರಿಲ್ಲ. ಆದರೆ ಬಾವಿ ಕೆಡುವುದು ಆಟಿಯಲ್ಲಲ್ಲ, ಮಳೆ ಹಿಡಿದ ಮೊದಲ ಎರಡು ವಾರಗಳಲ್ಲಿ. ಎಂಟು ತಿಂಗಳು ಹಟ್ಟಿಯ (ದನದ ಕೊಟ್ಟಿಗೆಯ) ಹಿಂದೆ, ತೋಟದ ಕಣಿಯಲ್ಲಿ (ನೀರು ಹರಿಯುವ ಚರಂಡಿಯಲ್ಲಿ), ಕೋಳಿ ಶೆಡ್ಡಿನ ಬುಡದಲ್ಲಿ ಕೂಡಿಬಿದ್ದದ್ದೆಲ್ಲ ಆ ಹದಿನೈದು ದಿನಗಳಲ್ಲಿ ಇಳಿದು ಹೋಗುತ್ತದೆ. ಹಾಗಾಗಿ ನಮ್ಮ ಬೇಡಿಕೆ ಒಂದೇ: ನೀರು ಕಾಯುವ ಕೆಲಸ ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆನಿಸುವ ಪತ್ತನಾಜೆಗೆ ಮೊದಲು, ಅಂದರೆ ಮೇ 24-25ರೊಳಗೆ ಮುಗಿಯಬೇಕು. ಪಂಚಾಯತಿನ ಯೋಜನೆ, ಅನುದಾನ, ತಪಾಸಣೆ ಎಲ್ಲವೂ ಆ ದಿನಾಂಕ ನೋಡಿಕೊಂಡು ನಡೆಯಬೇಕು. ಏನು ಮಾಡಬೇಕು, ಯಾಕೆ ಮಾಡಬೇಕು ಎಂಬುದನ್ನು ಅಳತೆ ಸಮೇತ ಕೆಳಗೆ ಬರೆದಿದ್ದೇವೆ.

ಮೊದಲು ನೆಲದ ವಿಷಯ. ನಮ್ಮದು ಮುರಕಲ್ಲಿನ ನೆಲ. ಮೇಲೆ ಗಟ್ಟಿ ಕಲ್ಲು, ಅದರೊಳಗೆ ಬೆರಳು ತೂರುವಷ್ಟು ದೊಡ್ಡ ತೂತುಗಳು, ಕೆಳಗೆ ಮೆತ್ತಗಿನ ಕೆಂಪು ಪದರ, ಅದರಡಿಯಲ್ಲಿ ಶೇಡಿ ಮಣ್ಣು. ಶೇಡಿ ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ಆದ್ದರಿಂದ ಗುಡ್ಡದ ಮೇಲೆ ಬಿದ್ದ ನೀರು ಶೇಡಿಯ ಮೇಲಿನಿಂದ ಜಾರಿ ಒರತೆಯಾಗಿ, ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ) ನೀರಾಗಿ, ಬಾವಿಯ ನೀರಾಗಿ ಹೊರಬರುತ್ತದೆ. ಮರಳು ಮಣ್ಣಿನಲ್ಲಿ ನೀರು ಸೋಸಿಕೊಂಡು ಇಳಿಯುತ್ತದೆ, ಮುರಕಲ್ಲಿನಲ್ಲಿ ಕೊಳವೆಯೊಳಗಿನಂತೆ ಓಡುತ್ತದೆ. ಜೋರು ಮಳೆ ಬಂದ ಮರುದಿನವೇ ನಿಮ್ಮ ಬಾವಿಯ ನೀರು ಕದಡಿದರೆ ಅಥವಾ ಕೆಂಪಗಾದರೆ ಮೇಲಿನ ನೀರು ಸೋಸದೆ ನೇರವಾಗಿ ಒಳಬರುತ್ತಿದೆ ಎಂದೇ ಅರ್ಥ. ಅದಕ್ಕೆ ಲ್ಯಾಬಿನ ವರದಿ ಬೇಡ. ಕೇರಳದ ಪಂಚಾಯತ್ ಕಟ್ಟಡ ನಿಯಮ ಕಕ್ಕಸುಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ 7.5 ಮೀಟರ್ ಅಂತರ ಕೇಳುತ್ತದೆ. ಮುರಕಲ್ಲಿನಲ್ಲಿ ಅದು ತೀರ ಕಡಿಮೆ. 15 ಮೀಟರ್ ಇರಲಿ, ಅದೂ ಬಾವಿಗಿಂತ ಇಳಿಜಾರಿನ ಕೆಳಗಡೆ. ಗೊಬ್ಬರದ ಗುಂಡಿಗೂ ಇದೇ ಲೆಕ್ಕ. ಆದರೆ ಗೊಬ್ಬರದ ಗುಂಡಿಯನ್ನು ಯಾರೂ ಅಳೆಯುವುದಿಲ್ಲ, ಅದಕ್ಕೆ ಪರವಾನಗಿಯೂ ಬೇಕಿಲ್ಲ.

ಆ ಗುಂಡಿಯ ಲೆಕ್ಕ ನೋಡಿ. 2 ಘನ ಮೀಟರಿನ ಗೋಬರ್ ಗ್ಯಾಸಿಗೆ ದಿನಕ್ಕೆ 50 ಕಿಲೋ ಸೆಗಣಿ, 50 ಲೀಟರ್ ನೀರು ಹಾಕಿದರೆ ಆಚೆಯಿಂದ 100 ಲೀಟರ್ ಸ್ಲರಿ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗಿನ 120 ದಿನಕ್ಕೆ 12,000 ಲೀಟರ್. 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಆಳದ ಎರಡು ಗುಂಡಿ ಇದ್ದರೆ ಅಷ್ಟೂ ಹಿಡಿಯುತ್ತದೆ ಎಂದು ಕಾಗದದ ಮೇಲೆ ಕಾಣುತ್ತದೆ. ಆದರೆ ನಮ್ಮ ಜಿಲ್ಲೆಯಲ್ಲಿ ಆ ನಾಲ್ಕು ತಿಂಗಳಲ್ಲಿ ಬೀಳುವ ಮಳೆ ಸುಮಾರು 2,800 ಮಿಲಿಮೀಟರ್. ಮೇಲೆ ಮಾಡು (ಛಾವಣಿ) ಇಲ್ಲದ ಒಂದು ಗುಂಡಿಯ ಬಾಯಿ 6 ಚದರ ಮೀಟರ್ ಇದ್ದರೆ ಅದರೊಳಗೆ ಬರೀ ಮಳೆಯಿಂದಲೇ ಬೀಳುವ ನೀರು 16,800 ಲೀಟರ್. ಗುಂಡಿ ಹಿಡಿಯುವುದು 6,000. ಅಂದರೆ ಒಂದು ಬುಟ್ಟಿ ಸೆಗಣಿ ಹಾಕದಿದ್ದರೂ ಅದು ಉಕ್ಕಿಯೇ ಉಕ್ಕುತ್ತದೆ, ಉಕ್ಕುವುದು ಗೊಬ್ಬರದ ಕಪ್ಪು ರಸ. ಸಾರಜನಕ ಹೆಚ್ಚಾಗಿ ಇರುವುದೂ ಆ ರಸದಲ್ಲೇ. ಬಾವಿ ಕೆಡಿಸುವುದು ಅದೇ, ತೋಟಕ್ಕೆ ಸಿಗದೆ ನಷ್ಟವಾಗುವುದೂ ಅದೇ.

ಇದಕ್ಕೆ ಬೇಕಾದದ್ದು ಕಾಂಕ್ರೀಟಿನ ದೊಡ್ಡ ಟ್ಯಾಂಕಲ್ಲ, ಒಂದು ಮಾಡು. ನಾಲ್ಕು ಕಂಬ, ಮೇಲೆ ಶೀಟು, ಗುಂಡಿಯ ಬಾಯಿಗಿಂತ ಸುತ್ತಲೂ ಎರಡು ಅಡಿ ಹೆಚ್ಚು ಚಾಚಿರಬೇಕು. ನಮ್ಮ ಮಳೆ ನೇರವಾಗಿ ಬೀಳುವುದಿಲ್ಲ, ಗಾಳಿಗೆ ಓರೆಯಾಗಿ ಬಡಿಯುತ್ತದೆ. ಗುಂಡಿಯ ಸುತ್ತ ಅರ್ಧ ಅಡಿ ಎತ್ತರದ ಕಟ್ಟೆ, ಮೇಲಿನ ಬದಿಯಿಂದ ಹರಿದು ಬರುವ ನೀರನ್ನು ಬೇರೆಡೆಗೆ ತಿರುಗಿಸುವ ಒಂದು ಕಣಿ. ಗುಂಡಿಯ ತಳಕ್ಕೆ ಮತ್ತು ಗೋಡೆಗೆ ಸಿಮೆಂಟ್ ಗಾರೆ. ಮಣ್ಣು ಮೆತ್ತಿದರೆ ಸಾಲದು, ಮುರಕಲ್ಲಿನ ತೂತು ಮತ್ತೆ ತೆರೆದುಕೊಳ್ಳುತ್ತದೆ. ಹಟ್ಟಿ ತೊಳೆದ ನೀರು ಗುಂಡಿಗೆ ಬೀಳಬೇಕು, ಹಟ್ಟಿಯ ಮಾಡಿನ ನೀರು ಬೀಳಬಾರದು. ಇವೆರಡನ್ನೂ ಒಂದೇ ಕಣಿಗೆ ಬಿಡುವುದು ನಮ್ಮಲ್ಲಿ ತೀರ ಸಾಮಾನ್ಯ ತಪ್ಪು, ಸರಿಪಡಿಸಲು ಮಾಡಿನ ಅಂಚಿನ ನೀರು ಹಿಡಿಯುವ ಒಂದು ದಂಬೆ ಮತ್ತು ಅರ್ಧ ದಿನದ ಕೆಲಸ ಸಾಕು. ಮಳೆಗಾಲದಲ್ಲಿ ಸ್ಲರಿ ಹೆಚ್ಚಾದರೆ ಒಣ ಸೊಪ್ಪು, ಅಡಿಕೆ ಸಿಪ್ಪೆ, ತೆಂಗಿನ ನಾರಿನ ಹುಡಿಯ ಮೇಲೆ ಸುರಿದು ಕಾಂಪೋಸ್ಟ್ ಮಾಡಿ. ಪಂಚಾಯತುಗಳು ವರ್ಷವೂ ಗೋಬರ್ ಗ್ಯಾಸಿಗೆ, ಹಟ್ಟಿ ನವೀಕರಣಕ್ಕೆ ಹಣ ಇಡುತ್ತವೆ. ಅದೇ ಹಣದಲ್ಲಿ ಮಾಡಿಲ್ಲದ ಗುಂಡಿಗೆ ಬಿಲ್ಲು ಪಾಸು ಮಾಡುವುದಿಲ್ಲ ಎಂಬ ಒಂದು ಶರತ್ತು ಸೇರಿಸಿ. ಬೇರೆ ಕಾನೂನು ಬೇಡ.

ಇನ್ನು ಪಂಪಿನ ವಿಷಯ. ಇದರ ಬಗ್ಗೆ ಯಾರೂ ಮಾತನಾಡಿದ್ದನ್ನು ನಾವು ಕೇಳಿಲ್ಲ, ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ.

ಬಾವಿಯ ಪಂಪಿನಿಂದ ಪೈಪು ಎಳೆದು ತೋಟಕ್ಕೆ ಹೊಡೆಯುವ ಮದ್ದಿನ ಡ್ರಮ್ಮಿಗೆ ನೀರು ತುಂಬಿಸುತ್ತಾರೆ. ಪೈಪಿನ ತುದಿ ಡ್ರಮ್ಮಿನೊಳಗೆ ಮುಳುಗಿರುತ್ತದೆ, ಚಿಮ್ಮಬಾರದೆಂದು. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಡ್ರಮ್ಮು ಬಾವಿಯ ನೀರಿಗಿಂತ ಎತ್ತರದಲ್ಲಿದೆ, ಪೈಪು ತುಂಬ ನೀರಿದೆ. ಬಾವಿಯೊಳಗಿನ ಪೈಪಿನ ಬುಡದಲ್ಲಿ ನೀರು ಕೆಳಗಿಳಿಯದಂತೆ ತಡೆಯುವ ಫುಟ್‌ವಾಲ್ವ್ ಸರಿಯಾಗಿ ಕೂತಿರದಿದ್ದರೆ ಆ ನೀರು ಹಿಂದಕ್ಕೆ ಜಾರುತ್ತದೆ, ಜಾರುತ್ತ ಡ್ರಮ್ಮಿನ ಮದ್ದನ್ನೂ ಎಳೆದುಕೊಂಡು ಬಾವಿಗೆ ಸೇರುತ್ತದೆ. ಹೀರುವ ಶಬ್ದವೂ ಕೇಳುವುದಿಲ್ಲ. ಡ್ರಿಪ್ ಪೈಪಿಗೆ ವೆಂಚುರಿ (ನೀರಿನ ಓಟದಿಂದಲೇ ಗೊಬ್ಬರದ ನೀರನ್ನು ಒಳಗೆಳೆಯುವ ಜೋಡಣೆ) ಹಾಕಿ ರಸಗೊಬ್ಬರ ಕೊಡುವ ತೋಟಗಳಲ್ಲಿ ಇದು ಇನ್ನೂ ಸುಲಭ. ಯೂರಿಯಾ ಕರಗಿಸಿದ ಟ್ಯಾಂಕು ಪೈಪಿಗೆ ಸದಾ ಜೋಡಿಸಿಕೊಂಡೇ ಇರುತ್ತದೆ, ಕರೆಂಟು ಹೋದ ಪ್ರತಿ ಸಲವೂ ಬಾವಿಗೆ ಒಂದು ಗುಟುಕು.

ಫುಟ್‌ವಾಲ್ವ್ ನೋಡುವುದು ಹೀಗೆ: ಪಂಪು ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ನೀರು ತುಂಬಿಸುವ ಬಿರಡೆ ತೆಗೆಯಿರಿ. ನೀರು ಬಾಯಿಮಟ್ಟದಲ್ಲಿದ್ದರೆ ಸರಿ, ಇಳಿದಿದ್ದರೆ ವಾಲ್ವ್ ಸೋರುತ್ತಿದೆ. ದಿನಾ ಪಂಪಿಗೆ ನೀರು ಹೊಯ್ದೇ ಚಾಲೂ ಮಾಡುವ ಮನೆಗಳಲ್ಲಿ ಅದು ಸೋರುತ್ತಿದೆಯೆಂದೇ ಲೆಕ್ಕ. ಹೆಚ್ಚಾಗಿ ಕಾರಣ ವಾಷರು ಸವೆದದ್ದು, ಇಲ್ಲವಾದರೆ ಎಲೆಯ ದಂಟು, ಕಸ ಸಿಕ್ಕಿಕೊಂಡದ್ದು. ಹೊಸ ವಾಲ್ವ್ ಹಾಕಿದರೂ ಅದೊಂದನ್ನೇ ನಂಬಬೇಡಿ. ಪಂಪಿನಿಂದ ಹೊರಟ ಪೈಪಿನಲ್ಲಿ, ವೆಂಚುರಿಗೆ ಮೊದಲು, ನೀರು ಹಿಂದೆ ಬಾರದಂತೆ ತಡೆಯುವ ಎನ್‌ಆರ್‌ವಿ ಒಂದು ಇರಲೇಬೇಕು. ವೆಂಚುರಿಯ ಹೀರುಪೈಪಿಗೂ ಒಂದು ಗೇಟುವಾಲ್ವ್, ಕೆಲಸ ಮುಗಿದ ಕೂಡಲೇ ಮುಚ್ಚಲು. ಡ್ರಮ್ಮು ತುಂಬಿಸುವಾಗ ಪೈಪಿನ ತುದಿಯನ್ನು ಡ್ರಮ್ಮಿನ ಅಂಚಿಗಿಂತ ಒಂದು ಗೇಣು ಮೇಲೆ ಕಟ್ಟಿ, ನೀರು ಗಾಳಿಯಲ್ಲಿ ಬಿದ್ದು ಒಳಗೆ ಹೋಗಲಿ. ಇದಕ್ಕೆ ಕಾಸಿನ ಖರ್ಚಿಲ್ಲ, ಇಷ್ಟು ನಂಬಬಹುದಾದ ಉಪಾಯ ಬೇರೊಂದಿಲ್ಲ. ಡ್ರಿಪ್ಪಿಗೆ ಸಬ್ಸಿಡಿ ಕೊಡುವ ಇಲಾಖೆಯವರು ಪರಿಶೀಲನೆಗೆ ಬಂದಾಗ ಪೈಪಿನ ಉದ್ದ ಅಳೆಯುತ್ತಾರೆ. ಎನ್‌ಆರ್‌ವಿ ಇದೆಯೇ ಎಂದೂ ನೋಡಲಿ. ಕುಡಿಯುವ ನೀರಿನ ಬಾವಿಯಿಂದಲೇ ವೆಂಚುರಿ ನಡೆಸುವವರಿಗೆ ಸಬ್ಸಿಡಿ ಕೊಡಬಾರದು.

ಅಡಿಕೆಗೆ ಮದ್ದು ಬಿಡುವ ವಿಷಯಕ್ಕೆ ಬರೋಣ. ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು) ಇಲ್ಲದೆ ನಮಗೆ ಗತಿಯಿಲ್ಲ. ಕೊಳೆರೋಗ ಬಂದರೆ ಗೊನೆಗೆ ಗೊನೆಯೇ ಉದುರುತ್ತದೆ. ಮಳೆ ಹಿಡಿಯುವ ಮೊದಲು ಒಂದು, 40-45 ದಿನ ಬಿಟ್ಟು ಇನ್ನೊಂದು, ಮಳೆ ಎಳೆದರೆ ಮೂರನೆಯದು. ಇದನ್ನು ಬಿಡಿ ಎಂದು ಹೇಳಲು ನಾವು ಬರೆಯುತ್ತಿಲ್ಲ, ಮಿಶ್ರಣ ಸರಿಯಾಗಿ ಮಾಡಿ ಎಂದಷ್ಟೇ ನಮ್ಮ ಮಾತು. 1 ಕಿಲೋ ಮೈಲುತುತ್ತು 50 ಲೀಟರಿನಲ್ಲಿ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಎರಡನ್ನೂ ಒಟ್ಟಿಗೆ ಮೂರನೆಯ ಡ್ರಮ್ಮಿಗೆ ಸುರಿಯುತ್ತ ಕದಡಬೇಕು. ಒಂದೇ ಡ್ರಮ್ಮಿನಲ್ಲಿ ಮಾಡುವುದಾದರೆ ಸುಣ್ಣದ ನೀರಿಗೆ ತುತ್ತಿನ ನೀರು, ತುತ್ತಿಗೆ ಸುಣ್ಣ ಅಲ್ಲ. ಕಬ್ಬಿಣದ ಪಾತ್ರೆ ಬೇಡ. ಸುಣ್ಣ ಸಾಕಷ್ಟಿದ್ದರೆ ತಾಮ್ರವು ನೀರಿನಲ್ಲಿ ಕರಗದ ರೂಪಕ್ಕೆ ಬಂದು ಗೊನೆಗೆ ಅಂಟುತ್ತದೆ. ಸುಣ್ಣ ಹಳತಾಗಿ ಹುಡಿಯಾಗಿದ್ದರೆ ತಾಮ್ರ ಕರಗಿದ ಹಾಗೆಯೇ ಉಳಿಯುತ್ತದೆ. ಎಳೆ ಕಾಯಿ ಸುಡುವುದೂ ಅದು, ಮಳೆಗೆ ತೊಳೆದು ತೋಡಿಗೆ (ಹಳ್ಳಕ್ಕೆ) ಹೋಗುವುದೂ ಅದು. ಉಜ್ಜಿ ಹೊಳಪಾಗಿಸಿದ ಕತ್ತಿಯ ತುದಿಯನ್ನು ಮದ್ದಿನಲ್ಲಿ ಒಂದು ನಿಮಿಷ ಅದ್ದಿ ನೋಡಿ. ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು, ಹಿಡಿಯದವರೆಗೆ ಸುಣ್ಣದ ನೀರು ಸೇರಿಸುತ್ತ ಹೋಗಿ. ಹಳಬರೆಲ್ಲ ಇದನ್ನು ಬಲ್ಲರು. ಗುತ್ತಿಗೆಗೆ ಮದ್ದು ಬಿಡುವ ಅವಸರದಲ್ಲಿ ಬಿಟ್ಟುಹೋಗಿದೆ.

ಕೆಲಸ ಮುಗಿದ ಮೇಲೆ ಡ್ರಮ್ಮು, ಪಂಪು, ಪೈಪು ತೊಳೆಯುವುದು ತೋಡಿನಲ್ಲಿ. ಡ್ರಮ್ಮಿನ ತಳದಲ್ಲಿ 2 ಲೀಟರ್ ಮದ್ದು ಉಳಿದಿದೆ ಎಂದುಕೊಳ್ಳಿ. ಶೇಕಡಾ 1ರ ಬೋರ್ಡೋದಲ್ಲಿ ಲೀಟರಿಗೆ ಸುಮಾರು 2.5 ಗ್ರಾಂ ತಾಮ್ರ ಇರುತ್ತದೆ, ಅಂದರೆ 5 ಗ್ರಾಂ. ಕುಡಿಯುವ ನೀರಿನಲ್ಲಿ ತಾಮ್ರಕ್ಕೆ ಭಾರತೀಯ ಮಾನಕ ಹೇಳುವ ಅಪೇಕ್ಷಿತ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಆ 5 ಗ್ರಾಮನ್ನು ಅಷ್ಟಕ್ಕೆ ತೆಳುಮಾಡಲು 1 ಲಕ್ಷ ಲೀಟರ್ ನೀರು ಬೇಕು. ಮನುಷ್ಯರಿಗೆ ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ನಡೆಯುತ್ತದೆ ಎನ್ನುತ್ತದೆ ಅದೇ ಮಾನಕ. ಮೀನಿಗೂ ಕಪ್ಪೆಮರಿಗೂ ಅಷ್ಟು ಸಹನೆಯಿಲ್ಲ. ಎಲೆಚುಕ್ಕಿ ರೋಗಕ್ಕೆಂದು ಈಗ ಹೊಡೆಯುವ ಪ್ರೊಪಿಕೊನಜೋಲಿನಂಥ ಶಿಲೀಂಧ್ರನಾಶಕಗಳು ಜಲಚರಗಳಿಗೆ ವಿಷವೇ, ಹೊಡೆಯುವ ಕಾಲವೂ ಬೇರೆ. ಮಳೆ ನಿಂತು ತೋಡಿಗೆ ಕಟ್ಟ (ನೀರು ನಿಲ್ಲಿಸುವ ಒಡ್ಡು) ಹಾಕಿದ ಮೇಲೆ ಹೊಡೆದರೆ ತೊಳೆದ ನೀರು ಹರಿದುಹೋಗುವುದೂ ಇಲ್ಲ. ಏತಡ್ಕದಂಥ ಕಡೆಗಳಲ್ಲಿ ಊರವರೇ ಸೇರಿ ಸಾಲಾಗಿ ಕಟ್ಟ ಕಟ್ಟಿ ಬಾವಿಗಳ ನೀರು ಏರಿಸುತ್ತಾರಷ್ಟೆ? ಕಟ್ಟದಲ್ಲಿ ನಿಂತದ್ದು ಬದಿಯ ಬಾವಿಗಳಿಗೆ ಇಳಿಯುತ್ತದೆ ಎಂಬುದೇ ಅದರ ತತ್ತ್ವ. ನೀರು ಇಳಿಯುವ ದಾರಿಯಲ್ಲಿ ಮದ್ದೂ ಇಳಿಯುತ್ತದೆ.

ತೊಳೆದ ನೀರನ್ನು ಮತ್ತೆ ತೋಟದಲ್ಲೇ, ಮದ್ದು ಬಿಟ್ಟ ಮರಗಳ ಬುಡಕ್ಕೆ ತೆಳ್ಳಗೆ ಚೆಲ್ಲಿ, ಒಂದೇ ಕಡೆ ಅಲ್ಲ. ಮದ್ದು ಕಲಸುವ ಜಾಗ ತೋಡಿನಿಂದ, ಬಾವಿಯಿಂದ 30 ಮೀಟರ್ ದೂರ ಇರಲಿ. ಕೀಟನಾಶಕದ ಬಾಟಲಿಗೆ ಕಾಲುಭಾಗ ನೀರು ಹಾಕಿ ಮುಚ್ಚಿ ಅರ್ಧ ನಿಮಿಷ ಕುಲುಕಿ, ಆ ನೀರನ್ನು ಮದ್ದಿನ ಡ್ರಮ್ಮಿಗೇ ಹೊಯ್ಯಿರಿ. ಹೀಗೆ ಮೂರು ಸಲ. ಕಡೆಗೆ ಬಾಟಲಿಯ ಬುಡಕ್ಕೆ ತೂತು ಮಾಡಿಡಿ, ಇನ್ನೊಬ್ಬರು ಎಣ್ಣೆಗೆ ಹಾಲಿಗೆ ಬಳಸದ ಹಾಗೆ. ಹರಿತ ಕರ್ಮ ಸೇನೆಯ ಹೆಂಗಸರು ಮನೆ ಮನೆಯ ಪ್ಲಾಸ್ಟಿಕ್ ಒಯ್ಯುತ್ತಾರೆ. ಅವರ ಚೀಲಕ್ಕೆ ವಿಷದ ಬಾಟಲಿ ತುರುಕುವುದು ಅನ್ಯಾಯ, ಅದನ್ನು ಬೇರ್ಪಡಿಸುವುದು ಅವರ ಬರಿಗೈಯೇ. ಕೃಷಿ ಭವನವೇ ವರ್ಷಕ್ಕೆರಡು ದಿನ, ಡಿಸೆಂಬರಿನಲ್ಲಿ ಒಮ್ಮೆ ಆಗಸ್ಟಿನಲ್ಲಿ ಒಮ್ಮೆ, ಬಾಟಲಿ ಸಂಗ್ರಹ ಇಡಲಿ. ಸಹಾಯಧನದಲ್ಲಿ ಮೈಲುತುತ್ತು ಕೊಡುವಾಗ ಜೊತೆಗೆ ಕನ್ನಡದಲ್ಲಿ ಒಂದು ಪುಟದ ವಿವರ ಕೊಡಲಿ. ಗಡಿನಾಡಿನಲ್ಲಿ ಮದ್ದಿನ ಲೇಬಲ್ಲು ಓದಲಾಗದೆ ಅಂದಾಜಿನಲ್ಲಿ ಕಲಸುವವರು ಬಹಳ. ಭಾಷೆಯ ಹಕ್ಕು ಎಂದು ನಾವು ಕೇಳುವ ಎಷ್ಟೋ ವಿಷಯಗಳಲ್ಲಿ ಇದೂ ಒಂದಾಗಬೇಕಿತ್ತು.

ರಸಗೊಬ್ಬರದಲ್ಲಿ ಲೆಕ್ಕ ತಪ್ಪುವುದು ಪ್ರಮಾಣಕ್ಕಿಂತ ಹೆಚ್ಚಾಗಿ ಕಾಲದಲ್ಲಿ. ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆ) ಹೇಳುವ ಪ್ರಮಾಣ. ಯೂರಿಯಾದ ಲೆಕ್ಕದಲ್ಲಿ ಮರಕ್ಕೆ ಸುಮಾರು 220 ಗ್ರಾಂ, 550 ಮರದ ಒಂದು ಎಕರೆಗೆ 120 ಕಿಲೋ, ಅದರಲ್ಲಿ ಸಾರಜನಕ 55 ಕಿಲೋ. ಜೂನ್ ಮಳೆಗೆ ಅದರಲ್ಲಿ 10 ಕಿಲೋ ತೊಳೆದುಹೋಯಿತೆಂದರೆ ಅದು ನೈಟ್ರೇಟಿನ ರೂಪದಲ್ಲಿ 44 ಕಿಲೋ ಆಗುತ್ತದೆ. ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ, ಇದಕ್ಕೆ ರಿಯಾಯಿತಿಯಿಲ್ಲ. ಆ 44 ಕಿಲೋ ಸುಮಾರು 9.8 ಲಕ್ಷ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಬಲ್ಲುದು. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಗೊತ್ತಾಗುವುದಿಲ್ಲ. ಕುದಿಸಿದರೆ ಹೋಗದು, ನೀರು ಆವಿಯಾದಷ್ಟು ಅದು ದಪ್ಪವಾಗುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಪುಡಿಹಾಲು ಕಲಸಿ ಕೊಡುವ ಮನೆಗಳಲ್ಲಿ ಇದು ನಿಜವಾದ ಅಪಾಯ, ಕೂಸಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುತ್ತದೆ. ಆದ್ದರಿಂದ ಮೊದಲ ಕಂತು ಏಪ್ರಿಲ್ ಕೊನೆಗೆ, ಒಂದೆರಡು ಮಳೆಗೆ ಮಣ್ಣು ಹದವಾದಾಗ. ಎರಡನೆಯದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಜೋರು ಮಳೆ ತಗ್ಗಿದ ಮೇಲೆ. ಬುಡದಿಂದ ಎರಡೂವರೆ-ಮೂರು ಅಡಿ ದೂರದಲ್ಲಿ ಹಾಕಿ ಮಣ್ಣು, ಸೊಪ್ಪು ಮುಚ್ಚಬೇಕು. ಕಣಿಯ ಅಂಚಿಗೆ ಬೀರುವುದೆಂದರೆ ತೋಡಿಗೆ ಹಾಕಿದ ಹಾಗೆ.

ಗುಡ್ಡದ ಮೇಲೆ ಹೊಡೆದದ್ದು ಸುರಂಗದಲ್ಲಿ ಬರುತ್ತದೆ ಎಂಬುದನ್ನು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ದೇಶಕ್ಕೇ ನಿಷೇಧ ಬರಲು 2011ರ ಸುಪ್ರೀಂ ಕೋರ್ಟ್ ಆದೇಶ ಬೇಕಾಯಿತು. ಅಂಥ ಊರುಗಳಲ್ಲೇ ಇವತ್ತು ಸುರಂಗದ ನೆತ್ತಿಯ ಗುಡ್ಡದಲ್ಲಿ ಕಳೆನಾಶಕ ಹೊಡೆಯುತ್ತಿದ್ದೇವೆ ಎಂದರೆ ನಾಚಿಕೆಯಾಗಬೇಕು. ಗ್ಲೈಫೋಸೇಟ್ ಮಾರಾಟವನ್ನು ಕೇರಳ 2019ರಲ್ಲಿ ನಿಷೇಧಿಸಿತು. ಗಡಿ ದಾಟಿ ಒಂದು ಬಸ್ಸು ಹಿಡಿದರೆ ಸಿಗುತ್ತದೆ ಎಂಬುದು ಅಧಿಕಾರಿಗಳಿಗೂ ಗೊತ್ತು, ನಮಗೂ ಗೊತ್ತು. ಸುರಂಗದ ಬಾಯಿಯಿಂದ ಮೇಲಕ್ಕೆ, ಸುರಂಗದ ಉದ್ದದಷ್ಟೂ ಅದರ ಎರಡೂ ಬದಿಗೆ ಕನಿಷ್ಠ 30 ಮೀಟರ್ ಜಾಗದಲ್ಲಿ ಕತ್ತಿ, ಹುಲ್ಲು ಕತ್ತರಿಸುವ ಯಂತ್ರ ಬಿಟ್ಟು ಬೇರೆ ಏನೂ ಬೇಡ. ಸುರಂಗಗಳ ನಕ್ಷೆ ಪಂಚಾಯತಿನಲ್ಲಿ ಇಲ್ಲ. ಮೇಲಿನ ಜಾಗ ಇನ್ನೊಬ್ಬರದಾಗಿದ್ದರೆ ಕೆಳಗೆ ಸುರಂಗ ಹೋಗಿದೆ ಎಂದು ಅವರಿಗೆ ತಿಳಿಯುವುದೂ ಇಲ್ಲ. ವಾರ್ಡುವಾರು ಒಂದು ಪಟ್ಟಿ ಮಾಡಿಸಿ, ಉದ್ದ ಎಷ್ಟು ಕೋಲು, ದಿಕ್ಕು ಯಾವುದು ಎಂದು ಬರೆದಿಟ್ಟರೆ ಸಾಕು.

ಕೋಳಿ ಫಾರಮ್ಮುಗಳ ಪರವಾನಗಿ ನವೀಕರಿಸುವಾಗ ಗೊಬ್ಬರ ಮಾಡಿನಡಿ ಇದೆಯೇ, ಸತ್ತ ಕೋಳಿ ಎಲ್ಲಿ ಹೋಗುತ್ತದೆ ಎಂದು ಸ್ಥಳಕ್ಕೆ ಹೋಗಿ ನೋಡಿ. ಅದು ಹೆಚ್ಚಾಗಿ ಹೋಗುವುದು ಬಿಟ್ಟುಬಿಟ್ಟ ಕೆಂಪುಕಲ್ಲಿನ ಕೋರೆಗೆ. ಮೇಲಿನ ಮಣ್ಣು, ಗಟ್ಟಿ ಪದರ ಎರಡೂ ತೆಗೆದ ಕೋರೆ ಎಂದರೆ ಊರಿನ ಅಂತರ್ಜಲಕ್ಕೆ ತೆರೆದ ಬಾಯಿ. ರಬ್ಬರ್ ಶೀಟು ಮಾಡುವವರು ಆಸಿಡ್ ಬೆರೆತ ಹುಳಿನೀರನ್ನು ಕಣಿಗೆ ಬಿಡದೆ ಸುಣ್ಣ ಹಾಕಿ ಇಂಗುಗುಂಡಿಗೆ ಬಿಡಬೇಕು, ಅದೂ ಬಾವಿಯಿಂದ ದೂರ, ಕೆಳಗಡೆ. ತೋಡಿಗೂ ಬಾವಿಗೂ ಕೊಳಕು ಬಿಡುವುದನ್ನು 1974ರ ಜಲಮಾಲಿನ್ಯ ತಡೆ ಕಾಯ್ದೆಯ 24ನೇ ಕಲಮು ಆಗಲೇ ನಿಷೇಧಿಸಿದೆ. ತೋಡಿನ ಬದಿಯಲ್ಲಿ ಐದು ಮೀಟರ್ ಜಾಗ ಅಗೆಯದೆ ಬಿಟ್ಟು, ಅಲ್ಲಿ ಲಾವಂಚ, ಕೇದಗೆ, ಹುಲ್ಲು ಇರಲಿ. ಅದನ್ನು ಜೆಸಿಬಿಯಲ್ಲಿ ಕೆರೆದು ಕಾಂಕ್ರೀಟ್ ಗೋಡೆ ಕಟ್ಟುವುದಕ್ಕೆ ಅಭಿವೃದ್ಧಿ ಎಂದು ಬೋರ್ಡು ಹಾಕಬೇಡಿ.

ಬಾವಿಯ ಮಟ್ಟಿಗೆ: ಕಟ್ಟೆ ಮೂರು ಅಡಿ ಎತ್ತರ, ಸುತ್ತ ಒಂದೂವರೆ ಮೀಟರ್ ಅಗಲಕ್ಕೆ ಹೊರಮುಖವಾಗಿ ಇಳಿಜಾರಿರುವ ಕಾಂಕ್ರೀಟ್. ಒಳಗೆ ಮೇಲಿನ ಮೂರು ಮೀಟರಿನ ಕಲ್ಲುಸಂದು ಗಾರೆಯಿಂದ ಮುಚ್ಚಿರಬೇಕು. ಕೆಳಗಿನದು ತೆರೆದೇ ಇರಲಿ, ಒರತೆ ಬರಬೇಕು. ಬಾವಿಗೆ ಮಳೆನೀರು ಇಳಿಸುವವರು ಮನೆಯ ಮಾಡಿನ ನೀರನ್ನು ಮಾತ್ರ, ಸೋಸಿ, ಮೊದಲ ಕೆಲವು ಮಳೆ ಹೊರಗೆ ಬಿಟ್ಟು ಇಳಿಸಿ. ಅಂಗಳದ ನೀರು ಯಾವ ಕಾರಣಕ್ಕೂ ಬೇಡ.

ಇಷ್ಟಾದ ಮೇಲೆ ಕ್ಲೋರಿನ್. 2025ರಲ್ಲಿ ಅಮೀಬಾ ಮೆದುಳುಜ್ವರದ ಭಯದಲ್ಲಿ ರಾಜ್ಯವಿಡೀ ಬಾವಿಗಳಿಗೆ ಹಾಕಿಸಿದಿರಿ, ಒಳ್ಳೆಯದು. ಆದರೆ ಪೊಟ್ಟಣ ಕೊಟ್ಟು ಅಳತೆ ಹೇಳದಿದ್ದರೆ ಒಬ್ಬರು ಹಿಡಿಯಷ್ಟು, ಇನ್ನೊಬ್ಬರು ಅರ್ಧ ಕಿಲೋ ಹಾಕುತ್ತಾರೆ. ನಮ್ಮ ಊರಿನ ಲೆಕ್ಕದಲ್ಲೇ ಹೇಳುವುದಾದರೆ ಒಂದು ಕೋಲು ಸುಮಾರು 75 ಸೆಂಟಿಮೀಟರ್. ನಾಲ್ಕು ಕೋಲು ಅಗಲದ ಬಾವಿಯಲ್ಲಿ ಒಂದು ಕೋಲು ನೀರೆಂದರೆ 5,300 ಲೀಟರ್. 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯಂತೆ ಕೋಲಿಗೆ 13 ಗ್ರಾಂ. ಐದು ಕೋಲು ನೀರಿದ್ದರೆ 65 ಗ್ರಾಂ, ರೋಗ ಇರುವಾಗ ಅದರ ಇಮ್ಮಡಿ. ಮೇ ತಿಂಗಳಲ್ಲಿ ಎರಡು ಕೋಲು ಇದ್ದ ನೀರು ಜುಲೈಯಲ್ಲಿ ಎಂಟಾಗಿರುತ್ತದೆ, ಆದ್ದರಿಂದ ಪ್ರತಿ ಸಲ ಹಗ್ಗ ಇಳಿಸಿ ಅಳೆಯಿರಿ. ಪುಡಿಯನ್ನು ಬಕೆಟಿನಲ್ಲಿ ಪೇಸ್ಟು ಮಾಡಿ, ನೀರು ಸೇರಿಸಿ ಕದಡಿ ಹತ್ತು ನಿಮಿಷ ಬಿಡಿ. ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಸಿದು ಹಗ್ಗ ಕಟ್ಟಿ ನೀರಿನೊಳಗೆ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣ ಬಾವಿಗೆ ಬೇಡ. ಒಂದು ಗಂಟೆ ಬಿಟ್ಟು ಬಳಸಬಹುದು. ಬಾಯಿ ತೆರೆದಿಟ್ಟ ಪೊಟ್ಟಣದಲ್ಲಿ ವಾಸನೆ ಹೋಗಿದ್ದರೆ ಶಕ್ತಿಯೂ ಹೋಗಿದೆ. ಇನ್ನು, ಕ್ಲೋರಿನ್ ಕ್ರಿಮಿ ಕೊಲ್ಲುತ್ತದೆ, ತಾಮ್ರವನ್ನೂ ನೈಟ್ರೇಟನ್ನೂ ಮುಟ್ಟುವುದಿಲ್ಲ.

ನೀರಿನ ಪರೀಕ್ಷೆ ಎರಡು ಸಲ ಬೇಕು: ಮಾರ್ಚಿನಲ್ಲೊಮ್ಮೆ, ಮಳೆ ಹಿಡಿದು ಹತ್ತು ದಿನವಾದ ಮೇಲೆ ಇನ್ನೊಮ್ಮೆ. ಬರೀ ಬೇಸಗೆಯ ನೀರು ತೆಗೆದು ಎಲ್ಲ ಸರಿಯಿದೆ ಎಂದು ಬರೆಯುವುದು ಮಳೆ ಇಲ್ಲದಾಗ ಮಾಡು ಸೋರುವುದಿಲ್ಲ ಎಂದ ಹಾಗೆ. ಕ್ರಿಮಿ ಪರೀಕ್ಷೆಯ ಬಾಟಲಿ ಲ್ಯಾಬಿನವರು ಕೊಟ್ಟ ಶುದ್ಧ ಬಾಟಲಿಯೇ ಆಗಬೇಕು, ಅದನ್ನು ಬಾವಿನೀರಿನಲ್ಲಿ ತೊಳೆಯಬಾರದು. ತಣ್ಣಗಿಟ್ಟು ಆರು ಗಂಟೆಯೊಳಗೆ ತಲುಪಿಸಬೇಕು. 100 ಮಿಲಿಲೀಟರಿನಲ್ಲಿ ಇ-ಕೋಲಿ (ಮಲದಿಂದ ಬರುವ ಕ್ರಿಮಿ) ಒಂದೂ ಇರಕೂಡದು ಎಂಬುದು ಮಾನಕ. ಹರಿತ ಕೇರಳಂ ಮಿಷನಿನಡಿ ಹೈಯರ್ ಸೆಕೆಂಡರಿ ಶಾಲೆಗಳಲ್ಲಿ ತೆರೆದ ನೀರು ಪರೀಕ್ಷೆಯ ಲ್ಯಾಬುಗಳಲ್ಲಿ ಜೂನ್ ಹತ್ತರ ಸುಮಾರಿಗೆ ಪ್ರತಿ ವಾರ್ಡಿನಿಂದ ಹತ್ತು ಬಾವಿ, ಎರಡು ಸುರಂಗ, ಒಂದು ತೋಡಿನ ನೀರು ಪರೀಕ್ಷಿಸಿ. ಇ-ಕೋಲಿ, ನೈಟ್ರೇಟ್, ಪಿಎಚ್ ಮೂರೂ ಇರಲಿ. ಮನೆಯವರ ಹೆಸರು ಬೇಡ, ವಾರ್ಡಿನ ಅಂಕಿ ಮಾತ್ರ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಪಂಚಾಯತ್ ಕಚೇರಿಯ ಗೋಡೆಗೆ, ರೇಶನ್ ಅಂಗಡಿಗೆ, ಹಾಲಿನ ಸೊಸೈಟಿಗೆ ಅಂಟಿಸಿ. ಮುಂದಿನ ಗ್ರಾಮಸಭೆಗೆ ನಾವು ಆ ಹಾಳೆ ಹಿಡಿದೇ ಬರುತ್ತೇವೆ.

ಇಂತಿ,
ಗಡಿನಾಡಿನ ಕೆಲವು ಅಡಿಕೆ ಕೃಷಿಕರು, ಬಾವಿ ಮತ್ತು ಪಂಪು ಕೆಲಸದವರು